ಹನ್ನೆರಡು ಅಂಕೆಗಳ ಹೊಸ್ತಿಲು

ಆಧಾರ್ ಸಂಖ್ಯೆ ಪೌರತ್ವದ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯ 9ನೇ ಕಲಮು ಹೇಳುತ್ತದೆ. ಇದು ಯಾವ ಚಳವಳಿಗಾರನ ಮಾತೂ ಅಲ್ಲ, ಸಂಸತ್ತು ಮಾಡಿದ ಶಾಸನದ ಮಾತು. ಆ ಸಂಖ್ಯೆ ಪಡೆಯುವ ಹಕ್ಕನ್ನು ಕಾಯ್ದೆ ಕೊಟ್ಟಿರುವುದು 'ನಿವಾಸಿ'ಗೆ. ಅರ್ಜಿ ಹಾಕುವ ಹಿಂದಿನ ಹನ್ನೆರಡು ತಿಂಗಳಲ್ಲಿ ಒಟ್ಟು 182 ದಿನ ಈ ನೆಲದಲ್ಲಿ ವಾಸವಿದ್ದವನು ನಿವಾಸಿ. ಅವನು ಯಾವ ದೇಶದ ಪ್ರಜೆ ಎಂಬ ಪ್ರಶ್ನೆ ಆ ವ್ಯಾಖ್ಯಾನದಲ್ಲಿಲ್ಲ. ಹೀಗಿದ್ದೂ ಇಂದು ಆಧಾರ್ ಎಂದರೆ 'ಭಾರತೀಯನ ಕಾರ್ಡು' ಎಂದೇ ನಮ್ಮ ಜನ, ನಮ್ಮ ಗುಮಾಸ್ತರು, ನಮ್ಮ ಟಿ.ವಿ. ವಾರ್ತಾವಾಚಕರು ಎಲ್ಲರೂ ನಂಬಿಬಿಟ್ಟಿದ್ದಾರೆ. ಈ ತಪ್ಪು ನಂಬಿಕೆಯಿಂದ ಎರಡು ಅನ್ಯಾಯಗಳು ಹುಟ್ಟಿವೆ. ಆಧಾರ್ ಇಲ್ಲದ ಪರದೇಶಿಗೆ ಬಾಗಿಲು ಮುಚ್ಚುತ್ತದೆ. ಆಧಾರ್ ಇರುವ ಪರದೇಶಿಯ ಮೇಲೆ ಪೊಲೀಸರ ಕಣ್ಣು ಬೀಳುತ್ತದೆ.

ಕಾಯ್ದೆಯ ಪುಸ್ತಕ ಮುಚ್ಚಿ ಕಂಪ್ಯೂಟರ್ ತೆರೆದು ನೋಡಿ. ಸರ್ಕಾರದ ಅಥವಾ ಸರ್ಕಾರದ ಒಡೆತನದ ಸಂಸ್ಥೆಗಳ ಒಂದಲ್ಲ ಒಂದು ಅರ್ಜಿಯಲ್ಲಿ ಹನ್ನೆರಡು ಅಂಕೆ ತುಂಬುವ ಚೌಕವೊಂದು ಎದುರಾಗುತ್ತದೆ. ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಅಕ್ಷರಗಳಿರುತ್ತವೆ, ಚೌಕ ಅಕ್ಷರವನ್ನು ಒಳಗೆ ಬಿಡುವುದಿಲ್ಲ. ಬಾಯಿಗೆ ಬಂದ ಹನ್ನೆರಡು ಅಂಕೆ ಒತ್ತಿದರೂ ನಡೆಯುವುದಿಲ್ಲ, ಏಕೆಂದರೆ ಆಧಾರಿನ ಕೊನೆಯ ಅಂಕೆ ಹಿಂದಿನ ಹನ್ನೊಂದರ ಲೆಕ್ಕದಿಂದ ಬರುವಂಥದ್ದು. ಲೆಕ್ಕ ತಪ್ಪಿದರೆ ಯಂತ್ರ ಅಲ್ಲೇ ತಳ್ಳಿಹಾಕುತ್ತದೆ. ಅದನ್ನೂ ದಾಟಿದರೆ ಒಟಿಪಿ. ಒಟಿಪಿ ಬರುವುದು ಆಧಾರಿಗೆ ಜೋಡಿಸಿದ ಮೊಬೈಲಿಗೆ. ಹೊರದೇಶದ ನಂಬರಿಗೆ ಅದು ಬರುವುದಿಲ್ಲ. ಹೀಗೆ ಒಂದು ಬೀಗದೊಳಗೆ ಇನ್ನೊಂದು ಬೀಗ. ಇಲ್ಲಿ ಯಾರೂ 'ನಿನಗೆ ಹಕ್ಕಿಲ್ಲ' ಎಂದು ಹೇಳುವುದಿಲ್ಲ. ಹೇಳಿದ್ದರೆ ಮೇಲ್ಮನವಿಯನ್ನಾದರೂ ಹಾಕಬಹುದಿತ್ತು. ಕೆಂಪಕ್ಷರದಲ್ಲಿ 'ಸರಿಯಾದ ಸಂಖ್ಯೆ ನಮೂದಿಸಿ' ಎಂದಷ್ಟೇ ಬರುತ್ತದೆ. ತಿರಸ್ಕರಿಸಿದವನ ಹೆಸರಿಲ್ಲದ, ಸಹಿಯಿಲ್ಲದ, ದಿನಾಂಕವಿಲ್ಲದ ತಿರಸ್ಕಾರ ಇದು.

ರೈಲಿನ ಉದಾಹರಣೆ ನೋಡೋಣ. 2025ರ ಜುಲೈ 1ರಿಂದ ತತ್ಕಾಲ್ ಟಿಕೆಟನ್ನು ಆನ್‌ಲೈನಿನಲ್ಲಿ ಕಾದಿರಿಸಲು ಆಧಾರ್ ದೃಢೀಕರಣವಾದ ಖಾತೆ ಬೇಕೆಂದಾಯಿತು. ಜುಲೈ 15ರಿಂದ ಆಧಾರ್ ಒಟಿಪಿ ಬೇಕಾಯಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಸಾಮಾನ್ಯ ಕಾದಿರಿಸುವಿಕೆ ತೆರೆಯುವ ಮೊದಲ ಹದಿನೈದು ನಿಮಿಷವೂ ಆಧಾರ್ ಉಳ್ಳವರಿಗೇ ಮೀಸಲಾಯಿತು. ದಲ್ಲಾಳಿಗಳನ್ನು ತಡೆಯಲು ಹೀಗೆ ಮಾಡಿದ್ದೇವೆ ಎಂದು ಇಲಾಖೆ ಹೇಳುತ್ತದೆ. ದಲ್ಲಾಳಿಗಳ ಹಾವಳಿ ಸುಳ್ಳಲ್ಲ. ಆದರೆ ಮೈಸೂರಿನಲ್ಲಿ ಓದುವ ಪರದೇಶದ ವಿದ್ಯಾರ್ಥಿಯೊಬ್ಬ ದಲ್ಲಾಳಿಯೇ? ಅವನ ಬಳಿ ಭಾರತ ಸರ್ಕಾರವೇ ಮುದ್ರೆಯೊತ್ತಿದ ವೀಸಾ ಇದೆ, ಭಾರತ ಸರ್ಕಾರವೇ ಕೊಟ್ಟ ವಾಸದ ಪರವಾನಗಿ ಇದೆ. ಅವನು ಬೆಳಗ್ಗೆ ಎದ್ದು ಸ್ಟೇಷನ್ನಿನ ಕೌಂಟರ್ ಮುಂದೆ ಸರದಿ ನಿಲ್ಲಬೇಕು, ಇಲ್ಲವೇ ಗೆಳೆಯನ ಖಾತೆಯನ್ನು ಬೇಡಬೇಕು, ಅದೂ ಇಲ್ಲದಿದ್ದರೆ ಯಾರನ್ನು ತಡೆಯಲು ಈ ನಿಯಮ ಬಂತೋ ಅದೇ ದಲ್ಲಾಳಿಯ ಬಳಿ ಹೋಗಬೇಕು.

ಪರದೇಶಿಯರನ್ನು ಹೀಗೆ ಬಿಗಿಯದಿದ್ದರೆ ದೇಶದ ಭದ್ರತೆಯ ಗತಿಯೇನು ಎಂದು ಕೇಳುವವರಿದ್ದಾರೆ. ಅವರಿಗೊಂದು ಸಂಗತಿ ಗೊತ್ತಿದ್ದಂತಿಲ್ಲ. ಈ ದೇಶದಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಪರದೇಶದ ಪ್ರಜೆಯಷ್ಟು ಕೂಲಂಕಷವಾಗಿ ದಾಖಲಾದ ಮನುಷ್ಯ ಬೇರೊಬ್ಬನಿಲ್ಲ. ವೀಸಾ ಕೊಡುವಾಗ ಒಮ್ಮೆ, ವಿಮಾನ ನಿಲ್ದಾಣದಲ್ಲಿ ಇನ್ನೊಮ್ಮೆ ಅವನ ಬೆರಳಚ್ಚು, ಭಾವಚಿತ್ರ. ದೀರ್ಘಾವಧಿಯ ವೀಸಾದಲ್ಲಿ ಬಂದವನಾದರೆ ಸಾಮಾನ್ಯವಾಗಿ ಹದಿನಾಲ್ಕು ದಿನದೊಳಗೆ ನೋಂದಣಿ. ಬೆಂಗಳೂರಿನಂಥ ಕಡೆ ಅದಕ್ಕೆಂದೇ ಕಚೇರಿ ಇದೆ. ಹಾಸನದಂಥ ಜಿಲ್ಲೆಗಳಲ್ಲಿ ಪೊಲೀಸ್ ವರಿಷ್ಠಾಧಿಕಾರಿಗಳೇ ನೋಂದಣಾಧಿಕಾರಿ. 2018ರಿಂದ ಇದೂ ಆನ್‌ಲೈನ್ ಆಗಿದೆ. ಹೋಟೆಲಿನಲ್ಲಿ ಒಂದು ರಾತ್ರಿ ತಂಗಿದರೂ 24 ಗಂಟೆಯೊಳಗೆ ಹೋಟೆಲಿನವನು ವರದಿ ಕಳಿಸಬೇಕು. 1939ರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ ಮುಂತಾದವನ್ನು ತೆಗೆದು ಅವುಗಳ ಜಾಗದಲ್ಲಿ ತಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಇಷ್ಟೆಲ್ಲ ದಾಖಲೆ ಸರ್ಕಾರದ ಕೈಯಲ್ಲೇ ಇದೆ. ಗೃಹ ಸಚಿವಾಲಯ ಕೊಟ್ಟ ಕಾಗದವನ್ನು ರೈಲ್ವೆ ಗುರುತಿಸುವುದಿಲ್ಲ, ರೈಲ್ವೆ ಗುರುತಿಸಿದರೂ ರಾಜ್ಯದ ಇಲಾಖೆ ಗುರುತಿಸುವುದಿಲ್ಲ ಎಂದಾದರೆ ಅದರಲ್ಲಿ ಭದ್ರತೆ ಎಲ್ಲಿ ಬಂತು? ಎಡಗೈ ಕೊಟ್ಟದ್ದನ್ನು ಬಲಗೈ ಅರಿಯದ ಆಡಳಿತ ಇದು. ಆ ಅಸಡ್ಡೆಗೆ ರಾಷ್ಟ್ರಭಕ್ತಿಯ ಅಂಗಿ ತೊಡಿಸಬೇಕಾಗಿಲ್ಲ.

ಇದು ಬೆಂಗಳೂರಿನವರ ಗೋಳು, ಹಳ್ಳಿಗಾಡಿನಲ್ಲಿ ಕುಳಿತ ನಿಮಗೇಕೆ ಎಂದು ಕೆಲವು ಓದುಗರಾದರೂ ಕೇಳಿಯಾರು. ನಾವು ಇರುವುದು ಶಾಂತಿಗ್ರಾಮ ಹೋಬಳಿಯಲ್ಲಿ. ಹೊಯ್ಸಳರ ಶಾಂತಲೆಯ ಹೆಸರಿನೊಂದಿಗೆ ಜನ ತಳಕು ಹಾಕುವ ಊರು. ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಈಗ ಟೋಲ್ ಗೇಟಿನಿಂದ ಪರಿಚಿತ. ಇಲ್ಲಿಂದ ಪೂರ್ವಕ್ಕೆ ಹೋದರೆ ಚನ್ನರಾಯಪಟ್ಟಣ, ಶ್ರವಣಬೆಳಗೊಳ. ಪಶ್ಚಿಮಕ್ಕೆ ಹಾಸನ ದಾಟಿದರೆ ಬೇಲೂರು, ಹಳೇಬೀಡು. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಹೊರದೇಶದವರು ಇನ್ನು ಹೆಚ್ಚೆಚ್ಚು ಬರುತ್ತಾರೆಂದು ನಮ್ಮವರೆಲ್ಲ ಹಿಗ್ಗಿದರು. ನೋಡಿ ಹೋಗುವ ಪರದೇಶಿ ನಮಗೆ ಅತಿಥಿ ದೇವರು, ಇಲ್ಲೇ ಮನೆ ಮಾಡಿ ಉಳಿಯುವ ಪರದೇಶಿ ಮಾತ್ರ ಯಂತ್ರಕ್ಕೆ ಸಿಕ್ಕಿಕೊಂಡ ಕಸ.

ದೊಡ್ಡ ನಗರಕ್ಕಿಂತ ನಮ್ಮಂಥ ಕಡೆಯೇ ಈ ಕಷ್ಟ ಹೆಚ್ಚು. ಬೆಂಗಳೂರಿನ ಬ್ಯಾಂಕಿನಲ್ಲಿ ಪರದೇಶದ ಪಾಸ್‌ಪೋರ್ಟ್ ನೋಡಿದ ಅಧಿಕಾರಿ ಒಬ್ಬರಾದರೂ ಇರುತ್ತಾರೆ. ನಾಡಕಚೇರಿಯಲ್ಲೋ, ಗ್ರಾಮ ಒನ್ ಕೇಂದ್ರದಲ್ಲೋ ಕುಳಿತ ಹುಡುಗನಿಗೆ ಅಂಥ ಕಾಗದ ಜೀವಮಾನದಲ್ಲಿ ಒಮ್ಮೆ ಬಂದರೆ ಹೆಚ್ಚು. ಹಿಂದೆಲ್ಲ ಹೀಗಾದಾಗ ಗುಮಾಸ್ತ ಶಿರಸ್ತೇದಾರರನ್ನು ಕೇಳುತ್ತಿದ್ದ, ಅವರು ತಹಶೀಲ್ದಾರರನ್ನು ಕೇಳುತ್ತಿದ್ದರು, ತಹಶೀಲ್ದಾರರು ಕಡತದ ಅಂಚಿನಲ್ಲಿ ಎರಡು ಸಾಲು ಬರೆದರೆ ಕೆಲಸ ಆಗುತ್ತಿತ್ತು. ಲಂಚವೂ ನಡೆಯುತ್ತಿತ್ತು ಎನ್ನಿ. ಈಗ ತಹಶೀಲ್ದಾರರು ಮನಸ್ಸು ಮಾಡಿದರೂ ಪರದೆಯ ಮೇಲಿನ ಚೌಕವನ್ನು ಅವರು ದಾಟಲಾರರು. ಅವರ ಅಧಿಕಾರ ಕಿತ್ತು ಯಂತ್ರಕ್ಕೆ ಕೊಡಲಾಗಿದೆ, ಯಂತ್ರಕ್ಕೆ ಅದನ್ನು ಕೊಟ್ಟವರು ಯಾರೆಂದು ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ. ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರದಿಂದ ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹವನ್ನು ಅತ್ತಿತ್ತ ಹೊರಳಿಸುತ್ತಾರೆ. ಅದೇ ಹಾಸನದಲ್ಲಿ ಒಂದು ಅರ್ಜಿಯ ಚೌಕವನ್ನು ಹೊರಳಿಸುವ ಮನುಷ್ಯ ಸಿಗುವುದಿಲ್ಲ.

ಅರಕಲಗೂಡಿನಿಂದ ಕೊಣನೂರು ದಾಟಿ ದಕ್ಷಿಣಕ್ಕೆ ಹೋದರೆ ಕುಶಾಲನಗರ, ಅದರ ಪಕ್ಕದಲ್ಲೇ ಬೈಲುಕುಪ್ಪೆ. ಟಿಬೆಟಿನಿಂದ ಬಂದವರಿಗೆ 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಕಾಡು ಕಡಿದ ಜಾಗ ಕೊಟ್ಟಿತು. ಅಲ್ಲಿ ಮುಸುಕಿನ ಜೋಳ ಬೆಳೆದವರ ಮೊಮ್ಮಕ್ಕಳು ಇಂದು ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಅವರಲ್ಲಿ ಬಹಳ ಮಂದಿಯ ಕೈಯಲ್ಲಿರುವುದು ವಿದೇಶಿಯರಿಗೆ ಕೊಡುವ ನೋಂದಣಿ ಪ್ರಮಾಣಪತ್ರ, ಕಾಲಕಾಲಕ್ಕೆ ನವೀಕರಿಸಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟಿನ ಬದಲು ಹಳದಿ ಪುಸ್ತಕ. ಕರ್ನಾಟಕದಲ್ಲೇ ಹುಟ್ಟಿ, ಕರ್ನಾಟಕದ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಅರ್ಜಿಯ 'ರಾಷ್ಟ್ರೀಯತೆ' ಪಟ್ಟಿಯಲ್ಲಿ ಯಾವ ದೇಶವನ್ನು ಆರಿಸಬೇಕು? ಭಾರತ ಎಂದರೆ ಸುಳ್ಳು ಹೇಳಿದೆ ಎನ್ನುತ್ತಾರೆ. ಚೀನಾ ಎಂದರೆ ಅವಳ ಅಜ್ಜ ಯಾರಿಂದ ಓಡಿ ಬಂದನೋ ಅವರ ಪ್ರಜೆಯಾಗಬೇಕು.

ಅವಳ ವಿಚಾರದಲ್ಲಿ ಕಾನೂನು ಏನೆನ್ನುತ್ತದೆ ಎಂಬುದು ಕುತೂಹಲದ ಸಂಗತಿ. 1950ರ ಜನವರಿ 26ರಿಂದ 1987ರ ಜುಲೈ 1ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತದ ಪ್ರಜೆಗಳು ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿತು. ದೆಹಲಿ ಹೈಕೋರ್ಟ್ ಅದಕ್ಕೂ ಮೊದಲೇ, 2010ರಲ್ಲಿ, ಅದನ್ನೇ ಹೇಳಿತ್ತು. ಆ ಮೇಲೂ ಪಾಸ್‌ಪೋರ್ಟಿಗಾಗಿ ಜನ ಅಲೆದರು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು. ಮೂರು ತೀರ್ಪು ಒಂದೇ ಮಾತಿಗೆ! ನಮ್ಮ ನಾಗರಿಕತೆಯ ಕಾನೂನು ಎಷ್ಟು ಉದಾರ, ಅದರ ಬಾಗಿಲಲ್ಲಿ ಕುಳಿತ ಆಡಳಿತ ಎಷ್ಟು ಜಿಪುಣ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನೇಪಾಳಿಗಳ ಕಥೆ ಬೇರೆ ಥರದ್ದು. 1950ರ ಭಾರತ-ನೇಪಾಳ ಸ್ನೇಹ ಒಪ್ಪಂದದ ಪ್ರಕಾರ ನೇಪಾಳದ ಪ್ರಜೆ ಭಾರತದಲ್ಲಿ ವಾಸಿಸಬಹುದು, ದುಡಿಯಬಹುದು, ವ್ಯಾಪಾರ ಮಾಡಬಹುದು, ಓಡಾಡಬಹುದು. ನಮ್ಮವರಿಗೂ ಅಲ್ಲಿ ಅದೇ ಹಕ್ಕು. ವೀಸಾ ಬೇಡ. ನೆಲದ ಗಡಿ ದಾಟಲು ಪಾಸ್‌ಪೋರ್ಟೂ ಬೇಡ. ರಾತ್ರಿ ಪಹರೆಯ ಗೂರ್ಖಾ ಎಂದರೆ ನಮ್ಮ ಊರುಗಳಲ್ಲಿ ಅರ್ಧ ಶತಮಾನದ ಹಳೆಯ ಪರಿಚಯ. ಹೋಟೆಲಿನ ಅಡುಗೆಮನೆಯಲ್ಲಿ, ಕಾಫಿ ತೋಟದ ಗೇಟಿನಲ್ಲಿ ಅವರ ದುಡಿಮೆ ಇದೆ. ವೀಸಾ ಬೇಡ ಎಂಬ ಔದಾರ್ಯವೇ ಅವರಿಗೆ ಮುಳುವಾಗಿದೆ. ವೀಸಾ ಇಲ್ಲದ್ದರಿಂದ ನೋಂದಣಿಯ ಕಾಗದವೂ ಇಲ್ಲ. ಆಧಾರ್ ಪಡೆಯಬಹುದು ಎಂದು ನಿಯಮವಿದೆ, ಹತ್ತು ವರ್ಷದ ಅವಧಿಗೆ ಕೊಡುತ್ತಾರೆ. ಅದಕ್ಕೆ ನೇಪಾಳದ ದಾಖಲೆ ಬೇಕು, ಇಲ್ಲಿಯ ವಿಳಾಸದ ಪುರಾವೆ ಬೇಕು. ತೋಟದ ಲೈನಿನಲ್ಲಿ ಮಲಗುವವನಿಗೆ ವಿಳಾಸದ ಪುರಾವೆ ಬರೆದುಕೊಡುವವರು ಯಾರು? ಸಾಹುಕಾರರು ಮನಸ್ಸು ಮಾಡಬೇಕು, ಇಲ್ಲವೇ ರೈಟರು. ಕಾನೂನು ಕೊಟ್ಟ ಹಕ್ಕು ಹೀಗೆ ಧಣಿಯ ದಯೆಗೆ ಇಳಿಯುತ್ತದೆ.

ಇನ್ನು ಆಧಾರ್ ಇದ್ದವರ ಪಾಡು. ಸಕಲೇಶಪುರ, ಬೇಲೂರು, ಆಲೂರಿನ ತೋಟಗಳಿಗೆ ಅಸ್ಸಾಮಿನಿಂದ, ಬಂಗಾಳದಿಂದ ಬಂದ ಕೂಲಿಗಳು ಬಹುಪಾಲು ಈ ದೇಶದ ಪ್ರಜೆಗಳೇ. ಅವರ ಭಾಷೆ ಬಂಗಾಳಿ, ಹೆಸರು ಮುಸಲ್ಮಾನರದ್ದು ಎಂದಾದರೆ ಆಧಾರ್ ತೋರಿಸಿದರೂ ಸಂಶಯ. 'ಇದು ಪೌರತ್ವದ ಪುರಾವೆಯಲ್ಲ' ಎಂದು ಆಗ ಥಟ್ಟನೆ 9ನೇ ಕಲಮು ನೆನಪಾಗುತ್ತದೆ! 2025ರಲ್ಲಿ ಬಿಹಾರದಲ್ಲಿ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ ಚುನಾವಣಾ ಆಯೋಗ ಒಪ್ಪುತ್ತೇನೆಂದ ಹನ್ನೊಂದು ದಾಖಲೆಗಳ ಪಟ್ಟಿಯಲ್ಲಿ ಆಧಾರ್ ಇರಲೇ ಇಲ್ಲ. ಸುಪ್ರೀಂ ಕೋರ್ಟು ಸೆಪ್ಟೆಂಬರ್ 8ರಂದು ಹೇಳಿದ ಮೇಲೆ ಗುರುತಿಗಾಗಿ, ಪೌರತ್ವಕ್ಕಲ್ಲ ಎಂಬ ಮಾತಿನೊಡನೆ, ಹನ್ನೆರಡನೆಯದಾಗಿ ಅದನ್ನು ಸೇರಿಸಿಕೊಳ್ಳಬೇಕಾಯಿತು. ಅಂದರೆ ಬಡವನ ಹಕ್ಕಿನ ಪ್ರಶ್ನೆ ಬಂದಾಗ ಆಧಾರ್ ಏನೂ ಅಲ್ಲ, ಸೇವೆಯನ್ನು ನಿರಾಕರಿಸಬೇಕಾದಾಗ ಮಾತ್ರ ಅದೇ ಎಲ್ಲವೂ. ಕಾನೂನುಬದ್ಧವಾಗಿ ಇಲ್ಲಿ ನೆಲೆಸಿದ ಪರದೇಶಿಯೊಬ್ಬ ಕಾಯ್ದೆ ಕೊಟ್ಟ ಹಕ್ಕಿನಂತೆ ಆಧಾರ್ ಮಾಡಿಸಿಕೊಂಡರೆ ಅದೂ ಕೆಲವು ಪತ್ರಿಕೆಗಳಿಗೆ 'ಆಘಾತಕಾರಿ' ಸುದ್ದಿ. ನಕಲಿ ದಾಖಲೆ ಕೊಟ್ಟು ಪಡೆದವರ ಮೇಲೆ ಮೊಕದ್ದಮೆ ಹೂಡಲಿ, ಅದು ಸರಿ. ಆದರೆ ಅಸಲಿಗೂ ನಕಲಿಗೂ ಇರುವ ವ್ಯತ್ಯಾಸ ತಿಳಿಯುವ ತಾಳ್ಮೆಯೇ ಇಲ್ಲದ ಮೇಲೆ ಏನು ಹೇಳುವುದು.

ಇದು ಕೇವಲ ಅನನುಕೂಲದ ಮಾತಲ್ಲ, ಪ್ರಾಣದ ಮಾತೂ ಆಗಬಹುದೆಂದು ಕೊರೊನಾ ಕಾಲ ತೋರಿಸಿತು. 2021ರ ಜನವರಿ 16ರಂದು ಲಸಿಕೆ ಶುರುವಾಯಿತು, ಮಾರ್ಚಿನಲ್ಲಿ ಹಿರಿಯರಿಗೆ, ಮೇ 1ರಿಂದ ಹದಿನೆಂಟು ದಾಟಿದ ಎಲ್ಲರಿಗೆ. ನೋಂದಣಿ ಕೋವಿನ್ ಮೂಲಕ. ಎರಡನೇ ಅಲೆಯಲ್ಲಿ ಆಸ್ಪತ್ರೆಗಳ ಮುಂದೆ ಜನ ಉಸಿರಿಗಾಗಿ ಒದ್ದಾಡಿದ್ದನ್ನು ಯಾರೂ ಮರೆತಿಲ್ಲ. ಭಾರತದಲ್ಲಿ ನೆಲೆಸಿರುವ ವಿದೇಶಿಯರೂ ಪಾಸ್‌ಪೋರ್ಟ್ ತೋರಿಸಿ ಕೋವಿನ್‌ನಲ್ಲಿ ನೋಂದಾಯಿಸಿಕೊಳ್ಳಬಹುದು ಎಂದು ಆರೋಗ್ಯ ಸಚಿವಾಲಯ ಪ್ರಕಟಿಸಿದ್ದು ಯಾವಾಗ? 2021ರ ಆಗಸ್ಟ್ 9ರಂದು. ಅಲೆ ಬಂದು ಹೋದ ಮೇಲೆ. ವಿಪರ್ಯಾಸವೆಂದರೆ ಕೋವಿನ್ ಒಪ್ಪುತ್ತಿದ್ದ ಏಳು ದಾಖಲೆಗಳ ಪಟ್ಟಿಯಲ್ಲಿ ಪಾಸ್‌ಪೋರ್ಟ್ ಮೊದಲಿನಿಂದಲೂ ಇತ್ತು! ಹೊಸ ಯಂತ್ರ ಕಟ್ಟಬೇಕಿರಲಿಲ್ಲ, ಹೊಸ ಕಾಯ್ದೆ ಮಾಡಬೇಕಿರಲಿಲ್ಲ. 'ಇವರೂ ಇದ್ದಾರೆ' ಎಂದು ಯಾರಾದರೂ ಒಂದು ಸಾಲು ಬರೆಯಬೇಕಿತ್ತು. ವೈರಾಣುವಿಗೆ ಪಾಸ್‌ಪೋರ್ಟಿನ ಹಂಗಿಲ್ಲ ಎಂಬುದು ಕಚೇರಿಗೆ ಹೊಳೆಯಲು ಆರು ತಿಂಗಳು ಮೀರಿತು. ಯಾವ ಗುರುತಿನ ಚೀಟಿಯೂ ಇಲ್ಲದ ಸ್ವದೇಶೀಯರಿಗೂ ಇದೇ ಕಾಯುವಿಕೆ. ಅಲೆಮಾರಿಗಳು, ಭಿಕ್ಷುಕರು, ಕೈದಿಗಳಂಥವರಿಗೆ ಲಸಿಕೆ ಹಾಕುವ ಕ್ರಮವನ್ನು ಸರ್ಕಾರ ಸೂಚಿಸಿದ್ದು ಮೇ ತಿಂಗಳಲ್ಲಿ.

ಈ ಸಂಗತಿಯನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪರದೇಶಿಯನ್ನು ತಡೆಯುವ ಚೌಕ ಪರದೇಶಿಯ ಬಳಿಯೇ ನಿಲ್ಲುವುದಿಲ್ಲ. ತೋಟದಲ್ಲಿ ಕೆಲಸ ಮಾಡಿ ಬೆರಳ ಗೆರೆ ಸವೆದ ಮುದುಕಿ, ಹೆಸರಿನ ಇನಿಷಿಯಲ್ ಒಂದು ಕಡೆ ಹಿಂದೆ, ಇನ್ನೊಂದು ಕಡೆ ಮುಂದೆ ಬಂದ ರೈತ, 'ಖಾದರ್' ಎಂಬುದು ಒಂದು ದಾಖಲೆಯಲ್ಲಿ 'ಕಾದರ್' ಆಗಿರುವ ನಮ್ಮ ಎಷ್ಟೋ ಮಂದಿ ಇದೇ ಚೌಕದ ಮುಂದೆ ನಿಂತಿದ್ದಾರೆ. ಆಧಾರ್ ಇಲ್ಲದವನಿಗೆ ಸವಲತ್ತು ತಪ್ಪಬಾರದು, ಬೇರೆ ಗುರುತಿನಿಂದ ಕೊಡಬೇಕು ಎಂದು ಕಾಯ್ದೆಯ 7ನೇ ಕಲಮು ಹೇಳುತ್ತದೆ. ಆ 'ಬೇರೆ ಗುರುತು' ಚೌಕದೊಳಗೆ ಎಲ್ಲಿದೆ?

ಈ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದವರು ನಮ್ಮ ನಾಡಿನವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಅವರದೇ ಹೆಸರಿನ ಪ್ರಕರಣದಲ್ಲಿ. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರನ್ನು ಉಳಿಸಿತು, ಆದರೆ ಅದರ ಮೇರೆ ಗೆರೆದಿತು. ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್ಮಿಗೆ ಕಡ್ಡಾಯ ಮಾಡಬಾರದು, ಖಾಸಗಿ ಕಂಪೆನಿ ಕೇಳಬಾರದು ಎಂದಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆ ವೇಳೆಗಾಗಲೇ 'ಕಡ್ಡಾಯವಲ್ಲ, ಐಚ್ಛಿಕ' ಎಂಬ ಮಾತು ಒಂದು ಕ್ರೂರ ತಮಾಷೆಯಾಗಿತ್ತು. ಐಚ್ಛಿಕ ಎಂದರೆ ಏನು? ಕೊಟ್ಟರೆ ಐದು ನಿಮಿಷ, ಕೊಡದಿದ್ದರೆ ಐದು ವಾರ. ಅಥವಾ ಕೊಡದೆ ಮುಂದಿನ ಪುಟವೇ ತೆರೆಯದು.

ಈಗ ಕನ್ನಡಿಯ ಇನ್ನೊಂದು ಮಗ್ಗುಲು. ನಮ್ಮವರೂ ಪರದೇಶಿಯರೇ. ಬೇಲೂರು ತಾಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನರ ಕಾಲೊನಿ ಇದೆ. ಕರ್ನಾಟಕದ ಹಕ್ಕಿಪಿಕ್ಕಿಗಳು ಗಿಡಮೂಲಿಕೆ ಎಣ್ಣೆ ಮಾರಿಕೊಂಡು ಆಫ್ರಿಕಾ ಖಂಡವನ್ನೇ ಸುತ್ತುತ್ತಾರೆ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಸೈನ್ಯದ ಎರಡು ಬಣಗಳ ಕಾಳಗ ಶುರುವಾದಾಗ ಅವರಲ್ಲಿ ಹಲವರು ಅಲ್ಲಿ ಸಿಕ್ಕಿಕೊಂಡಿದ್ದರು, ಭಾರತ ಸರ್ಕಾರ 'ಆಪರೇಷನ್ ಕಾವೇರಿ'ಯಲ್ಲಿ ನಮ್ಮವರನ್ನು ಕರೆತಂದಿತು. ಕರಾವಳಿಯ, ಮಲೆನಾಡಿನ ಎಷ್ಟು ಮನೆಗಳ ಒಲೆ ಕೊಲ್ಲಿಯ ದುಡ್ಡಿನಿಂದ ಉರಿಯುತ್ತದೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಸೌದಿಯಲ್ಲಿ ದುಡಿಯುವ ನಮ್ಮ ಹುಡುಗನಿಗೆ ಇಖಾಮಾ ಇದೆ. ಹತ್ತು ಅಂಕೆ. ಅಲ್ಲಿಯ ಪ್ರಜೆಯ ಗುರುತಿನ ಸಂಖ್ಯೆಯೂ ಹತ್ತೇ ಅಂಕೆ. ಪ್ರಜೆಯದ್ದು ಒಂದರಿಂದ ಶುರು, ಪರದೇಶಿಯದ್ದು ಎರಡರಿಂದ. ಅಷ್ಟೇ ವ್ಯತ್ಯಾಸ. ಅಬ್ಶಿರ್ ಎಂಬ ಸರ್ಕಾರಿ ವ್ಯವಸ್ಥೆ ಎರಡನ್ನೂ ಒಪ್ಪುತ್ತದೆ.

ಸೌದಿಯನ್ನು ಹೊಗಳಲು ನಾವು ಇದನ್ನು ಹೇಳುತ್ತಿಲ್ಲ. ಅಲ್ಲಿ ಸಂಖ್ಯೆ ಚೌಕದೊಳಗೆ ಹಿಡಿಸುತ್ತದೆ, ಮನುಷ್ಯ ಕಫೀಲನ ಮುಷ್ಟಿಯೊಳಗೆ ಹಿಡಿಸಬೇಕಾಗುತ್ತದೆ. ಕಫೀಲ ಒಪ್ಪದೆ ಕೆಲಸ ಬಿಡುವಂತಿಲ್ಲ, ಊರಿಗೆ ಹೋಗುವಂತಿಲ್ಲ ಎಂಬ ಸ್ಥಿತಿ ದಶಕಗಟ್ಟಲೆ ಇತ್ತು. 2021ರ ಮಾರ್ಚಿನ ಸುಧಾರಣೆ ಅದನ್ನು ಸಡಿಲಿಸಿದರೂ ಮನೆಗೆಲಸದವರು, ಚಾಲಕರಂಥವರನ್ನು ಅದು ಹೊರಗಿಟ್ಟಿತು. ಪೌರತ್ವದ ಮಾತಂತೂ ಎತ್ತುವಂತಿಲ್ಲ. ಹಕ್ಕು ಕೊಡದ ರಾಜ್ಯವೊಂದು ಪರದೇಶಿಗೆ ಅರ್ಜಿ ತುಂಬುವ ದಾರಿಯನ್ನಾದರೂ ಮಾಡಿಕೊಟ್ಟಿದೆ. ಪರದೇಶಿಗೂ ಜೀವದ, ಸಮಾನತೆಯ ಹಕ್ಕನ್ನು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಕೊಟ್ಟ ನಮ್ಮ ಗಣರಾಜ್ಯ ಆ ದಾರಿಯನ್ನು ಮರೆತಿದೆ. ಆ ಎರಡು ವಿಧಿಗಳಲ್ಲಿ 'ಪ್ರಜೆ' ಎಂಬ ಪದವಿಲ್ಲ, 'ವ್ಯಕ್ತಿ' ಎಂದಿದೆ. ಬರೆದವರಿಗೆ ವ್ಯತ್ಯಾಸ ತಿಳಿದಿತ್ತು.

ಸರಿಪಡಿಸುವುದು ಕಷ್ಟವೇ? ತೈವಾನಿನಲ್ಲಿ ಇದೇ ಗೋಳು ವರ್ಷಗಟ್ಟಲೆ ಇತ್ತು. ಪರದೇಶಿಯರ ಗುರುತಿನ ಸಂಖ್ಯೆಯಲ್ಲಿ ಮೊದಲಿಗೆ ಎರಡು ಅಕ್ಷರ, ಪ್ರಜೆಗಳದ್ದರಲ್ಲಿ ಒಂದೇ ಅಕ್ಷರ. ಆ ಒಂದು ಅಕ್ಷರದ ದೆಸೆಯಿಂದ ಟಿಕೆಟಿನಿಂದ ಹಿಡಿದು ಎಷ್ಟೋ ನೋಂದಣಿಗಳು ಅವರಿಗೆ ತೆರೆಯುತ್ತಿರಲಿಲ್ಲ. 2021ರ ಜನವರಿ 2ರಿಂದ ಸರ್ಕಾರ ಪರದೇಶಿಯರ ಸಂಖ್ಯೆಯನ್ನೂ ಪ್ರಜೆಗಳ ಸಂಖ್ಯೆಯ ಅಚ್ಚಿಗೇ ತಂದಿತು. ಚೀನಾ ಕೂಡ 2023ರ ಡಿಸೆಂಬರಿನಿಂದ ಖಾಯಂ ನೆಲೆಸಿದ ಪರದೇಶಿಯರಿಗೆ ಪ್ರಜೆಗಳಂತೆಯೇ ಹದಿನೆಂಟು ಅಂಕಿಯ ಕಾರ್ಡು ಕೊಡತೊಡಗಿತು. ಅಲ್ಲೆಲ್ಲ ಪರದೇಶಿ ಪ್ರಜೆಯಾಗಿಬಿಡಲಿಲ್ಲ. ಅವನ ಟಿಕೆಟು ಸಿಕ್ಕಿತು, ಅಷ್ಟೇ.

ನಮ್ಮಲ್ಲಿ ಆಧಾರ್ ಇಲ್ಲದ ನಿವಾಸಿಗೆ ಮೊದಲ ಆರು ತಿಂಗಳು ಅತ್ಯಂತ ಕಷ್ಟದ ಕಾಲ. ಬಾಡಿಗೆ ಮನೆ, ಸಿಮ್ಮು, ಬ್ಯಾಂಕು, ಗ್ಯಾಸು, ಮಗುವಿನ ಶಾಲೆ ಎಲ್ಲವೂ ಬೇಕಾಗುವುದು ಆಗಲೇ. 182 ದಿನ ತುಂಬುವ ತನಕ ಆ ಸಂಖ್ಯೆ ಪಡೆಯುವ ಹಕ್ಕೇ ಅವನಿಗಿಲ್ಲ. ಹೊರದೇಶದ ಪ್ರಜೆಯಾದ, ಆದರೆ ಇಲ್ಲೇ ಹುಟ್ಟಿ ಬೆಳೆದ ಒಸಿಐ ಕಾರ್ಡಿನವರಿಗೂ ಇದೇ ಲೆಕ್ಕ. ಹೊಳೆನರಸೀಪುರದ ಮಗಳೊಬ್ಬಳು ಅಮೆರಿಕದ ಪ್ರಜೆಯಾಗಿ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳಲು ಮರಳಿ ಬಂದಳೆಂದಿಟ್ಟುಕೊಳ್ಳಿ. ಕನ್ನಡ ಅವಳ ಮಾತೃಭಾಷೆ, ತಾಯಿಯ ಮನೆ ಅವಳದೇ. ಅವಳು ಹಾಕುವ ಪ್ರತಿ ಅರ್ಜಿಯಲ್ಲೂ ಅಕ್ಕಪಕ್ಕದವರ ಮೊಬೈಲು ಬೇಡಬೇಕು. ಆ ಒಟಿಪಿ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಅವಳ ವ್ಯವಹಾರವೂ ಇದೆ. ಮೋಸ ಮಾಡುವವರಿಗೆ ಇದಕ್ಕಿಂತ ಸಲೀಸಾದ ಬಾಗಿಲು ಬೇಕೆ?

ಬೇಡಿಕೆ ದೊಡ್ಡದೇನಲ್ಲ. ಭಾರತ ಸರ್ಕಾರವೇ ಪರದೇಶಿಗೆ ಕೊಟ್ಟ ಕಾಗದವನ್ನು, ಅದು ವಾಸದ ಪರವಾನಗಿಯಿರಲಿ, ಟಿಬೆಟನ್ನರ ನೋಂದಣಿ ಪತ್ರವಿರಲಿ, ಒಸಿಐ ಇರಲಿ, ವೀಸಾ ಒತ್ತಿದ ಪಾಸ್‌ಪೋರ್ಟ್ ಇರಲಿ, ಸರ್ಕಾರದ ಪ್ರತಿಯೊಂದು ಅರ್ಜಿಯೂ ಒಪ್ಪಬೇಕು. ಒಟಿಪಿಗೆ ಇಮೇಲಿನ ದಾರಿಯೂ ಇರಬೇಕು. ತಿರಸ್ಕರಿಸಿದರೆ ಕಾರಣ ಬರೆದು, ಹೆಸರು ಹಾಕಿ, ಯಾರಲ್ಲಿ ದೂರಬೇಕೆಂದು ಹೇಳಬೇಕು. ಆದಾಯ ತೆರಿಗೆಯವರು ಇಂಥದ್ದನ್ನು ಆಗಲೇ ಮಾಡಿದ್ದಾರೆ: ಪ್ಯಾನಿಗೆ ಆಧಾರ್ ಜೋಡಿಸುವ ನಿಯಮದಿಂದ ಭಾರತದ ಪ್ರಜೆಗಳಲ್ಲದವರನ್ನು 2017ರಲ್ಲೇ ಬಿಟ್ಟರು. ಹಣ ಬರುವ ಕಡೆ ಸರ್ಕಾರಕ್ಕೆ ಪರದೇಶಿ ಎದ್ದು ಕಾಣುತ್ತಾನೆ!

ನಮ್ಮ ರಾಜ್ಯದಲ್ಲೂ ಇದರ ಮಾದರಿಯೊಂದಿದೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದಾಗ ಅದು ಮಾಲೀಕರ ಆಧಾರ್ ಕೇಳಿತು. ಹೊರದೇಶದಲ್ಲಿರುವ ನಿವೇಶನದಾರರು ಬೊಬ್ಬೆ ಹಾಕಿದರು, ಪತ್ರಿಕೆಗಳು ಬರೆದವು. ಆಧಾರ್ ಇಲ್ಲದವರು ಬೇರೆ ಗುರುತಿನ ದಾಖಲೆಯೊಡನೆ ಕಚೇರಿಗೆ ಬರಬಹುದೆಂದು ದಾರಿ ತೋರಿಸಲಾಯಿತು. ಒಳ್ಳೆಯದೇ ಆಯಿತು. ಕೂಗಿದವರಿಗೆ ನಿವೇಶನವಿತ್ತು, ವಕೀಲರಿದ್ದರು, ಇಂಗ್ಲಿಷಿನಲ್ಲಿ ಬರೆಯುವ ಕೈಯಿತ್ತು. ಬೈಲುಕುಪ್ಪೆಯ ಅಜ್ಜಿಗೆ, ತೋಟದ ಗೂರ್ಖಾನಿಗೆ ಅವು ಯಾವುವೂ ಇಲ್ಲ. ಅವರಿಗಾಗಿ ಬೆಂಗಳೂರು, ದೆಹಲಿ ಏಳುವ ತನಕ ಕಾಯಬೇಕಾಗಿಯೂ ಇಲ್ಲ. ಆಧಾರ್ ಇಲ್ಲದ ಕಾನೂನುಬದ್ಧ ನಿವಾಸಿ ಬಂದರೆ ಅರ್ಜಿಯನ್ನು ಕಾಗದದಲ್ಲಿ ತೆಗೆದುಕೊಂಡು, ಸ್ವೀಕೃತಿ ಕೊಟ್ಟು, ಇಂತಿಷ್ಟು ದಿನದೊಳಗೆ ತಹಶೀಲ್ದಾರರ ಮುಂದೆ ಇಡಬೇಕೆಂದು ಹಾಸನದ ಜಿಲ್ಲಾಧಿಕಾರಿಗಳು ತಮ್ಮ ಜಿಲ್ಲೆಯ ಎಲ್ಲ ನಾಡಕಚೇರಿಗಳಿಗೆ ಒಂದು ಸುತ್ತೋಲೆ ಕಳಿಸಬಹುದು. ಅರ್ಧ ಪುಟ ಸಾಕು.